ರೋಬೋ ಮಡಚಿದರೆ ಬಾಹ್ಯಾಕಾಶ ನೌಕೆ: ಈ ಆಟಿಕೆ ಇಟ್ಟುಕೊಳ್ಳಲಾ, ವಾಪಸ್ ಕೊಡಲಾ?

ಮಂಡ್ಯದ ಅಮ್ಮ

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಮಕ್ಕಳನ್ನು ಕರೆದುಕೊಂಡು ಮೈಸೂರಿಗೆ ಹೋಗಿದ್ದೆವು. ದಸರಾ ವಸ್ತುಪ್ರದರ್ಶನದಲ್ಲಿ ಒಂದು ಮಳಿಗೆ ಮುಂದೆ ನಿಂತ ಮಗ ಅಲ್ಲಾಡಲಿಲ್ಲ. ಅವನಿಗೆ ಏಳು ವರ್ಷ. ಡೆಲ್ಲಿ ಹಪ್ಪಳ ಬೇಡ, ಜೈಂಟ್ ವೀಲ್ ಬೇಡ, ಅದೊಂದು ಕೊಡಿಸಿದರೆ ಸಾಕು ಅಂದ. ಅದೊಂದು ರೋಬೋ. ಕೈಕಾಲು ಮಡಚಿ ತಿರುಗಿಸಿದರೆ ಬಾಹ್ಯಾಕಾಶ ನೌಕೆ ಆಗುತ್ತದೆ. ಅಂಗಡಿಯವರು 1,100 ಹೇಳಿ 850ಕ್ಕೆ ಕೊಟ್ಟರು.

ನೋಡಲು ಚೆನ್ನಾಗೇ ಇದೆ. ನೌಕೆ ಆದಾಗ ಮೂತಿಯಿಂದ ಬಾಲದವರೆಗೆ 22 ಸೆಂಟಿಮೀಟರ್ ಉದ್ದ, ಮಗನ ಸ್ಕೂಲ್ ಸ್ಕೇಲ್ ಇಟ್ಟು ಅಳೆದೆ. ಮೇಲೆ ಬಿಳಿ, ಹೊಟ್ಟೆ ಕಪ್ಪು. ಬೆನ್ನ ಮೇಲೆ ಎರಡು ಬಾಗಿಲು ಇವೆ, ಪುಸ್ತಕದ ಹಾಗೆ ತೆರೆದುಕೊಳ್ಳುತ್ತವೆ. ಹಿಂದೆ ಮೂರು ಕಿತ್ತಳೆ ಬಣ್ಣದ ಇಂಜಿನ್ ಬಾಯಿ. ರೋಬೋ ಮಾಡುವಾಗ ಮೂತಿ ಎದೆಯ ಮೇಲೆ ಬಂದು ಕೂರುತ್ತದೆ, ಹಿಂಭಾಗ ಸೀಳಿಕೊಂಡು ಎರಡು ಕಾಲಾಗುತ್ತದೆ. ಎದೆಯಲ್ಲಿ ಗುಂಡಿ ಒತ್ತಿದರೆ ಕೆಂಪು ದೀಪ. ಒಳಗೆ ಮೂರು ಬಟನ್ ಸೆಲ್.

ಈಗ ಚಿಂತೆಗೆ ಬರುತ್ತೇನೆ. ಮೂರನೇ ದಿನಕ್ಕೇ ಬಲಗಡೆ ರೆಕ್ಕೆ ಜೋತುಬಿತ್ತು. ಎತ್ತಿ ನಿಲ್ಲಿಸಿದರೆ ಮತ್ತೆ ಮೆಲ್ಲಗೆ ಇಳಿಯುತ್ತದೆ. ಸೊಂಟದ ಹತ್ತಿರ ಬೂದು ಬಣ್ಣದ ತುಂಡಿನ ಮೇಲೆ ಒಂದು ಬಿಳೀ ಗೆರೆ ಬಂದಿದೆ, ತಂದ ದಿನ ಅದು ಇರಲಿಲ್ಲ. ಪೆಟ್ಟಿಗೆಯಲ್ಲಿ ಒಂದು ಹಾಳೆ ಇತ್ತು. ಹದಿನಾಲ್ಕು ಚಿತ್ರ, ಒಂದಕ್ಷರ ಬರಹ ಇಲ್ಲ. ಏಳನೇ ಚಿತ್ರಕ್ಕೆ ಬಂದ ಕೂಡಲೇ ಮಗ "ಅಮ್ಮ, ನೀನೇ ಮಾಡು" ಅಂತ ನನ್ನ ಕೈಗೆ ಕೊಡುತ್ತಾನೆ. ನಾನು ಒತ್ತಿದರೆ ಎಲ್ಲಿ ಮುರಿಯುತ್ತದೋ ಅಂತ ಭಯ. ಅರ್ಧ ರೋಬೋ ಅರ್ಧ ನೌಕೆ ಆಗಿ ಟಿವಿ ಪಕ್ಕ ಕೂತಿದೆ.

ನಮ್ಮ ಮನೆಯಲ್ಲಿ ನಾನು ಚಿಕ್ಕವಳಿದ್ದಾಗ ಆಟಿಕೆ ಅಂದರೆ ಚನ್ನಪಟ್ಟಣದ ಬುಗುರಿ, ಬಣ್ಣದ ರೈಲು. ಮರದ್ದು, ಕೈಯಲ್ಲಿ ಹಿಡಿದರೆ ಒಳ್ಳೇದೋ ಕೆಟ್ಟದ್ದೋ ಗೊತ್ತಾಗುತ್ತಿತ್ತು. ಇದನ್ನು ಹೇಗೆ ನೋಡಬೇಕು ಅಂತಲೇ ನನಗೆ ತಿಳಿಯುತ್ತಿಲ್ಲ. ಮಗಳಿಗೆ ಬೇರೆ ಒಂದೂವರೆ ವರ್ಷ, ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತಾಳೆ.

ಮುಂದಿನ ಭಾನುವಾರ ಮತ್ತೆ ಮೈಸೂರಿಗೆ ಹೋಗುವುದಿದೆ. ವಾಪಸ್ ಕೊಡಲಾ? ರಿಪೇರಿ ಆಗುತ್ತದಾ? ಇಂಥ ಆಟಿಕೆ ಚೆನ್ನಾಗಿದೆಯೋ ಇಲ್ಲವೋ ಅಂತ ಯಾವುದನ್ನು ನೋಡಿ ಹೇಳುತ್ತೀರಿ? ಗೊತ್ತಿರುವವರು ದಯವಿಟ್ಟು ಹೇಳಿ.

ಗೊಂಬೆಪೆಟ್ಟಿಗೆ, ಕುವೆಂಪುನಗರ

ಅಕ್ಕ, ಹೆಸರಿಲ್ಲದ ಆಟಿಕೆ ತಗೊಂಡಿದ್ದೀರಿ, ಅಲ್ಲೇ ತೊಂದರೆ ಶುರು. ನಾನು ಹನ್ನೆರಡು ವರ್ಷದಿಂದ ಇವನ್ನು ಕೂಡಿಡುತ್ತಿದ್ದೇನೆ. ನನ್ನ ಮಾತು ಕೇಳುವುದಾದರೆ ವಾಪಸ್ ಕೊಟ್ಟು ದುಡ್ಡು ತಗೊಳ್ಳಿ, ಇನ್ನಷ್ಟು ಕೂಡಿಸಿ ಅಸಲಿ ಟ್ರಾನ್ಸ್‌ಫಾರ್ಮರ್ಸ್ ತನ್ನಿ.

ಸ್ವಲ್ಪ ಹಿನ್ನೆಲೆ ಹೇಳುತ್ತೇನೆ, ನಿಮ್ಮ ಮಗನಿಗೂ ಇಷ್ಟ ಆಗಬಹುದು. ಜಪಾನಿನ ಟಕಾರಾ ಕಂಪನಿ ಡಯಾಕ್ಲೋನ್, ಮೈಕ್ರೋ ಚೇಂಜ್ ಅಂತ ಆಕಾರ ಬದಲಿಸುವ ಆಟಿಕೆಗಳನ್ನು ಮಾಡುತ್ತಿತ್ತು. ಅಮೆರಿಕದ ಹ್ಯಾಸ್ಬ್ರೋ ಅವನ್ನು ತಗೊಂಡು 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಅಂತ ಹೊಸ ಹೆಸರಿನಲ್ಲಿ ಮಾರಿತು. ಅಷ್ಟು ಹೊತ್ತಿಗೆ ಅಮೆರಿಕದ ರೆಕ್ಕೆ ಇರುವ ಬಾಹ್ಯಾಕಾಶ ನೌಕೆ, ನಿಜವಾದ ಸ್ಪೇಸ್ ಶಟಲ್, ಹಾರಾಡುತ್ತಿತ್ತು, ಮೊದಲು ಹಾರಿದ್ದು 1981ರ ಏಪ್ರಿಲ್ 12ಕ್ಕೆ. ಪ್ರಪಂಚದ ಮಕ್ಕಳೆಲ್ಲ ಅದರ ಚಿತ್ರ ನೋಡಿದ್ದರು. 1985ರಲ್ಲಿ ಆಸ್ಟ್ರೋಟ್ರೇನ್ ಬಂತು. ಅದಕ್ಕೆ ಮೂರು ರೂಪ: ರೋಬೋ, ಸ್ಪೇಸ್ ಶಟಲ್, ಉಗಿಬಂಡಿ. ಅದೇ ವರ್ಷ ಹಾರುವ ತಟ್ಟೆ ಆಗುವ ಪುಟಾಣಿ ಕಾಸ್ಮೋಸ್. ಮರುವರ್ಷ ಬ್ಲಾಸ್ಟ್ ಆಫ್ ಅಂತ ಇನ್ನೊಂದು ಶಟಲ್. ಆಸ್ಟ್ರೋಟ್ರೇನ್ ಅನ್ನು ಆಮೇಲೆ ದೊಡ್ಡದಾಗಿ ಹೊಸದಾಗಿ ಮಾಡಿದ್ದಾರೆ. ನನ್ನ ಹತ್ತಿರ ಇದೆ, ಕೀಲು ಇವತ್ತಿಗೂ ಬಿಗಿ.

ಅಸಲಿಯೋ ಅಲ್ಲವೋ ನೋಡಲು ಕಾಲಿನ ಒಳಗಡೆ ಅಥವಾ ಬೆನ್ನಿನಲ್ಲಿ ಹುಡುಕಿ. ಅಚ್ಚಿನಲ್ಲೇ ಮೂಡಿದ ಸಣ್ಣಕ್ಷರದಲ್ಲಿ ಕಂಪನಿ ಹೆಸರು, ಇಸವಿ ಇರುತ್ತದೆ. ಒಂದು ವಿಷಯ ಗಮನ ಇರಲಿ, ಆ ಇಸವಿ ಕಾಪಿರೈಟ್ ಹಕ್ಕಿನದ್ದು. ಆಟಿಕೆ ತಯಾರಾದ ವರ್ಷ ಅದೇ ಆಗಿರಬೇಕು ಅಂತಿಲ್ಲ. ಹಳೇದು ಮಾರುವವರು ಅದನ್ನೇ ತೋರಿಸಿ ಜಾಸ್ತಿ ರೇಟು ಹೇಳುತ್ತಾರೆ.

ಹಳೇ ಫಿಟ್ಟರ್, ಅಶೋಕಪುರಂ

ತಾಯಿ, ನಾನು ಮೈಸೂರು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ರಿಟೈರ್ ಆಗಿ ಒಂಬತ್ತು ವರ್ಷ ಆಯಿತು. ನನ್ನ ಮೊಮ್ಮಗನ ಹತ್ತಿರ ಇಂಥವು ಮೂರಿವೆ. ಮೂರನ್ನೂ ಬಿಚ್ಚಿ ಜೋಡಿಸಿದ್ದೇನೆ. ಒಂದು ಅಸಲಿ, ಎರಡು ಹೆಸರಿಲ್ಲದವು. ಹೆಸರಿಲ್ಲದ ಎರಡರಲ್ಲಿ ಒಂದು ಆರು ತಿಂಗಳಿಗೇ ಹೋಯಿತು. ಇನ್ನೊಂದು ನಾಲ್ಕು ವರ್ಷದಿಂದ ದಿನಾ ಆಡಿದರೂ ಗಟ್ಟಿಯಾಗಿದೆ. ಆದ್ದರಿಂದ ಹೆಸರು ನೋಡಿ ತೀರ್ಪು ಕೊಡಲು ನನಗೆ ಮನಸ್ಸಿಲ್ಲ. ವಸ್ತು ನೋಡೋಣ.

ಆಕಾರ ಬದಲಿಸುವ ಆಟಿಕೆ ಅಂದರೆ ಕೀಲುಗಳ ಕಂತೆ. ಬಣ್ಣ, ದೀಪ, ಸದ್ದು ಎಲ್ಲ ಆಮೇಲೆ. ಕೀಲಿನಲ್ಲಿ ಮೂರು ಜಾತಿ ಕಾಣುತ್ತೀರಿ. ತಿರುಗಿಸಿದರೆ ಕಟಕ್ ಕಟಕ್ ಅನ್ನುವುದು ಹಲ್ಲಿನ ಕೀಲು. ಒಳಗೆ ಹಲ್ಲುಚಕ್ರ ಇರುತ್ತದೆ, ಭಾರ ಹೊರುವ ಭುಜಕ್ಕೆ, ತೊಡೆಗೆ ಅದನ್ನು ಹಾಕುತ್ತಾರೆ. ಎರಡನೆಯದು ಬರೀ ಉಜ್ಜಿಕೊಂಡು ನಿಲ್ಲುವ ಕೀಲು, ಬಾಗಿಲಿನ ಕೀಲಿನ ಹಾಗೆ, ನಡುವೆ ಒಂದು ಲೋಹದ ಪಿನ್ನು. ಮೂರನೆಯದು ಗುಂಡು ಕೀಲು. ಬಟ್ಟಲಲ್ಲಿ ಗೋಲಿ ಕೂತ ಹಾಗೆ. ಜೋತುಬೀಳುವುದು ಹೆಚ್ಚಾಗಿ ಈ ಮೂರನೆಯದೇ. ನಿಮ್ಮ ರೆಕ್ಕೆ ಮೇಲೆ ಕೆಳಗೆ, ಹಿಂದೆ ಮುಂದೆ ಎರಡೂ ಕಡೆ ಆಡುತ್ತದಾ? ಆಡಿದರೆ ಅದು ಗುಂಡು ಕೀಲು. ಹಾಗಿದ್ದರೆ ಚಿಂತೆ ಬೇಡ, ಸರಿ ಮಾಡಬಹುದು.

ಇವತ್ತು ರಾತ್ರಿ ಮಕ್ಕಳು ಮಲಗಿದ ಮೇಲೆ ಮೊಬೈಲ್ ಟಾರ್ಚ್ ಹಿಡಿದು ನೋಡಿ. ನೌಕೆ ಮಾಡಿ ಮೂತಿ ಹಿಡಿದು ಎತ್ತಿ. ಮೆಲ್ಲಗೆ ಒಂದು ಸಲ ಅಲ್ಲಾಡಿಸಿ. ಕಾಲು ಬಿಚ್ಚಿಕೊಂಡರೆ, ಬಾಗಿಲು ತೆರೆದುಕೊಂಡರೆ ಅಚ್ಚು ಸರಿ ಇಲ್ಲ. ಒಳ್ಳೇ ಆಟಿಕೆಯಲ್ಲಿ ಒಂದು ತುಂಡಿಗೆ ಪುಟ್ಟ ಗೂಟ, ಎದುರಿನ ತುಂಡಿಗೆ ತೂತು ಇರುತ್ತದೆ. ಅವು ಸೇರಿದಾಗ ಕೈಗೆ ಗೊತ್ತಾಗಬೇಕು. ಕಿವಿಗೂ ಗೊತ್ತಾಗಬೇಕು. ನಾವು ಬೋಗಿ ಕೆಳಗೆ ಬೋಲ್ಟ್ ಬಿಗಿ ನೋಡುವಾಗ ಸುತ್ತಿಗೆಯಲ್ಲಿ ತಟ್ಟಿ ಸದ್ದು ಕೇಳುತ್ತಿದ್ದೆವು. ಬಿಗಿ ಇದ್ದರೆ ಟಣ್ ಅನ್ನುತ್ತದೆ, ಸಡಿಲ ಇದ್ದರೆ ಸದ್ದು ಒಡೆದು ಬರುತ್ತದೆ. ಪ್ಲಾಸ್ಟಿಕ್ಕಿಗೂ ಅದೇ. ಟಕ್ ಅಂತ ಕೂತರೆ ಕೂತಿತು.

ಆಮೇಲೆ ರೋಬೋ ಮಾಡಿ ಮೇಜಿನ ಮೇಲೆ ನಿಲ್ಲಿಸಿ. ಕೈಬಿಟ್ಟು, ಮೇಜನ್ನು ಮುಷ್ಟಿಯಲ್ಲಿ ಒಮ್ಮೆ ತಟ್ಟಿ. ಹಿಂದಕ್ಕೆ ಬೀಳುತ್ತದಾ ನೋಡಿ. ನೌಕೆಯ ರೆಕ್ಕೆ, ಬಾಲ ಎಲ್ಲ ಬೆನ್ನಿಗೆ ಹೋಗುವುದರಿಂದ ಇವಕ್ಕೆ ಬೆನ್ನು ಭಾರ ಜಾಸ್ತಿ. ಹಿಮ್ಮಡಿ ಉದ್ದ ಬಿಟ್ಟಿದ್ದರೆ ಮಾಡಿದವರು ಯೋಚನೆ ಮಾಡಿದ್ದಾರೆ ಅಂತ ಅರ್ಥ.

ಪ್ರತಿ ಪಿನ್ನಿನ ತಲೆಯ ಮೇಲೆ ಉಗುರು ಆಡಿಸಿ. ಹೊರಗೆ ಬಂದಿದ್ದರೆ ಉಗುರಿಗೆ ಸಿಗುತ್ತದೆ. ಸ್ಕ್ರೂಗಳನ್ನು ಈಗಲೇ ಬಿಗಿ ಮಾಡಲು ಹೋಗಬೇಡಿ, ಅದಕ್ಕೊಂದು ಕ್ರಮ ಇದೆ, ಆಮೇಲೆ ಹೇಳುತ್ತೇನೆ.

ಸೊಂಟದ ಬಿಳೀ ಗೆರೆ ನನಗೆ ಮುಖ್ಯ ಅನ್ನಿಸುತ್ತಿದೆ. ಪ್ಲಾಸ್ಟಿಕ್ ಎಳೆದಾಡಿದಾಗ, ಬಗ್ಗಿಸಿದಾಗ ಹಾಗೆ ಬೆಳ್ಳಗಾಗುತ್ತದೆ. ಅದು ತಾನಾಗಿ ಮತ್ತೆ ಮೊದಲಿನ ಬಣ್ಣಕ್ಕೆ ಬರುವುದಿಲ್ಲ. ಅದೇ ಜಾಗಕ್ಕೆ ಇನ್ನೂ ನಾಲ್ಕು ಸಲ ಒತ್ತಿದರೆ ಬಿರುಕು. ಅಂದರೆ ಏಳನೇ ಚಿತ್ರದಲ್ಲಿ ನೀವು ಯಾವುದೋ ದಾರಿ ತಪ್ಪಿದ್ದೀರಿ. ತಿರುಗಿಸುವ ಮೊದಲು ಸೊಂಟವನ್ನು ಮೇಲಕ್ಕೋ ಹೊರಕ್ಕೋ ಎಳೆಯಬೇಕಾ ನೋಡಿ. ಒಂದು ಬಾಣದ ಗುರುತು ಸಣ್ಣಗೆ ಹಾಕಿರುತ್ತಾರೆ, ಮುದ್ರಣದಲ್ಲಿ ಮಾಸಿರುತ್ತದೆ. ಬಲ ಹಾಕಬೇಡಿ, ತಾಯಿ. ಯಾವ ಕೀಲೂ ತನ್ನ ದಾರಿಯಲ್ಲಿ ಹೋಗಲು ಅಷ್ಟು ಬಲ ಕೇಳುವುದಿಲ್ಲ.

ವಿಜ್ಞಾನ ಮೇಷ್ಟ್ರು, ಶ್ರೀರಂಗಪಟ್ಟಣ

ಮೇಡಂ, ಫಿಟ್ಟರ್ ಸಾರ್ ಹೇಳಿದ್ದನ್ನೆಲ್ಲ ಮಾಡಿ. ಆದರೆ ಅದಕ್ಕೂ ಮೊದಲು ಬ್ಯಾಟರಿ. ಒಂದೂವರೆ ವರ್ಷದ ಮಗು ಮನೆಯಲ್ಲಿದೆ ಅಂದಿರಿ, ಅದನ್ನು ಓದಿ ನನಗೆ ಎದೆ ಧಸಕ್ ಅಂತು. ಬಟನ್ ಸೆಲ್ ನುಂಗಿದರೆ ಗಂಟಲಲ್ಲಿ ಸಿಕ್ಕಿಕೊಂಡು ಎರಡು ಗಂಟೆಯಲ್ಲೇ ಅನ್ನನಾಳ ಸುಟ್ಟುಹೋಗಬಹುದು. ನುಂಗಿರಬಹುದು ಅನ್ನುವ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು. ಸೆಲ್ ಇರುವ ಮುಚ್ಚಳಕ್ಕೆ ಸ್ಕ್ರೂ ಇದೆಯಾ? ಅದು ಬಿಗಿಯಾಗಿ ಕೂತಿದೆಯಾ? ಈಗಲೇ ನೋಡಿ, ರಾತ್ರಿವರೆಗೆ ಕಾಯಬೇಡಿ.

ಇನ್ನೊಂದು, ಪೆಟ್ಟಿಗೆ ಎಸೆದಿಲ್ಲ ತಾನೇ? ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಮಾನದಂಡದ ಸಂಖ್ಯೆ ಬ್ಯಾಟರಿ ಇಲ್ಲದ್ದಕ್ಕೆ ಐಎಸ್ 9873, ಬ್ಯಾಟರಿ ಇರುವುದಕ್ಕೆ ಐಎಸ್ 15644. ಗುರುತಿನ ಕೆಳಗೆ ಲೈಸೆನ್ಸ್ ನಂಬರ್ ಇರುತ್ತದೆ. ಆ ಗುರುತು ಕೊಡುವ ಬಿಐಎಸ್ ಸಂಸ್ಥೆಯದ್ದು ಬಿಐಎಸ್ ಕೇರ್ ಅಂತ ಒಂದು ಆ್ಯಪ್ ಇದೆ, ಅದರಲ್ಲಿ ನಂಬರ್ ಹಾಕಿದರೆ ನಿಜವೋ ಸುಳ್ಳೋ ಗೊತ್ತಾಗುತ್ತದೆ. ಗುರುತೇ ಇಲ್ಲದಿದ್ದರೆ ನನ್ನ ಮಾತು ಒಂದೇ, ವಾಪಸ್ ಕೊಡಿ.

ಇನ್ನು ನೌಕೆ ನೌಕೆಯ ಹಾಗೆ ಇದೆಯಾ ಅನ್ನುವುದು. ಇದನ್ನು ಮಗನ ಜೊತೆ ಕೂತು ಮಾಡಿ, ಅವನಿಗೆ ಖುಷಿ ಆಗುತ್ತದೆ. ಅಸಲಿ ಶಟಲ್ ಸುಮಾರು 37 ಮೀಟರ್ ಉದ್ದ, ಒಂದು ರೆಕ್ಕೆ ತುದಿಯಿಂದ ಇನ್ನೊಂದು ತುದಿಗೆ ಸುಮಾರು 24 ಮೀಟರ್. ನಿಮ್ಮದು 22 ಸೆಂಟಿಮೀಟರ್ ಉದ್ದ ಅಂದರೆ ರೆಕ್ಕೆ 14 ಸೆಂಟಿಮೀಟರ್ ಆಸುಪಾಸು ಇರಬೇಕು. ಬೆನ್ನಿನ ಬಾಗಿಲ ಕೆಳಗಿನ ಸಾಮಾನಿನ ಕೋಣೆ 18 ಮೀಟರ್, ಅಂದರೆ ಉದ್ದದಲ್ಲಿ ಹತ್ತಿರ ಹತ್ತಿರ ಅರ್ಧ. ಹಿಂದಿನ ದೊಡ್ಡ ಇಂಜಿನ್ ಮೂರೇ, ತ್ರಿಕೋನದಲ್ಲಿ, ಅದು ನಿಮ್ಮದರಲ್ಲಿ ಸರಿ ಇದೆ. ಹೊಟ್ಟೆ ಕಪ್ಪು ಯಾಕೆ ಅಂತ ಅವನು ಕೇಳೇ ಕೇಳುತ್ತಾನೆ. ಭೂಮಿಗೆ ಇಳಿಯುವಾಗ ಗಾಳಿಯ ಬಿಸಿ ಹೊಟ್ಟೆಗೇ ಹೊಡೆಯುತ್ತದೆ. ಅದನ್ನು ತಡೆಯಲು ಕಪ್ಪು ಬಿಲ್ಲೆಗಳನ್ನು ಒಂದೊಂದಾಗಿ ಅಂಟಿಸಿದ್ದರು.

ಬಾಗಿಲು ತೆರೆಯುತ್ತವೆ ಅಂದಿರಲ್ಲ, ಅದನ್ನು ಆಟಿಕೆ ಮಾಡಿದವರು ತಿಳಿದೇ ಮಾಡಿದ್ದಾರೆ ಅನ್ನಿಸುತ್ತದೆ. ಶಟಲ್ ಮೇಲೆ ಹೋದ ಮೇಲೆ ಆ ಬಾಗಿಲು ತೆರೆಯಲೇಬೇಕಿತ್ತು. ಒಳಗಿನ ಬಿಸಿ ಹೊರಗೆ ಬಿಡುವ ರೇಡಿಯೇಟರ್ ಇದ್ದದ್ದು ಬಾಗಿಲಿನ ಒಳಮೈಗೆ.

ನಮ್ಮ ರಾಜ್ಯದ ಮಾತೂ ಒಂದಿದೆ. ಇಸ್ರೋದವರು ಇದೇ ಥರ ರೆಕ್ಕೆ ಇರುವ ನೌಕೆಯನ್ನು ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ಹತ್ತಿರ ಇಳಿಸಿ ನೋಡಿದ್ದಾರೆ. 2023ರ ಏಪ್ರಿಲ್‌ನಲ್ಲಿ ಒಮ್ಮೆ, 2024ರಲ್ಲಿ ಎರಡು ಸಲ. ಚಿನೂಕ್ ಹೆಲಿಕಾಪ್ಟರ್ 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ತಾನಾಗಿಯೇ ರನ್‌ವೇ ಹುಡುಕಿಕೊಂಡು ಬಂದು ಇಳಿಯಿತು, ಒಳಗೆ ಯಾರೂ ಇರಲಿಲ್ಲ. ಹೆಸರು ಪುಷ್ಪಕ್. ಆ ವಿಡಿಯೋ ಮಗನಿಗೆ ತೋರಿಸಿ.

ಮಂಡ್ಯದ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ನಿಮ್ಮ ಮಾತು ಓದಿದ ಕೂಡಲೇ ಎದ್ದು ಹೋಗಿ ನೋಡಿದೆ. ಮುಚ್ಚಳಕ್ಕೆ ಸ್ಕ್ರೂ ಇದೆ. ಆದರೆ ತಿರುಗಿಸಿದರೆ ಸುಮ್ನೆ ತಿರುಗುತ್ತಲೇ ಇದೆ, ಬಿಗಿ ಆಗುವುದಿಲ್ಲ. ಉಗುರಲ್ಲಿ ಎತ್ತಿದರೆ ಮುಚ್ಚಳ ಬಂದೇಬಿಟ್ಟಿತು. ನನಗೆ ಕೈ ನಡುಗಿತು. ಮೂರೂ ಸೆಲ್ ತೆಗೆದು ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದೇನೆ.

ಪೆಟ್ಟಿಗೆ ಮೇಲೆ ಐಎಸ್‌ಐ ಗುರುತು ಇದೆ. ನಂಬರ್ ಹಾಕಿ ನೋಡಿದೆ, ಸರಿಯಾಗಿ ಬಂತು. ಆಟಿಕೆ ತಯಾರಿಸುವವರದ್ದೇ.

ಫಿಟ್ಟರ್ ಸಾರ್, ರಾತ್ರಿ ಹತ್ತೂವರೆಗೆ ಅಡುಗೆಮನೆ ಕಟ್ಟೆ ಮೇಲೆ ಇಟ್ಟುಕೊಂಡು ಕೂತೆ. ರೆಕ್ಕೆ ಎರಡೂ ಕಡೆ ಆಡುತ್ತದೆ, ಗುಂಡು ಕೀಲೇ ಇರಬೇಕು. ಎಡ ರೆಕ್ಕೆ ಚೆನ್ನಾಗಿ ನಿಲ್ಲುತ್ತದೆ. ಬಲ ರೆಕ್ಕೆ ತುದಿ ಆರು ಮಿಲಿಮೀಟರ್ ಕೆಳಗೆ. ಮೂತಿ ಹಿಡಿದು ಎತ್ತಿದೆ, ಕಾಲು ಬಿಚ್ಚಿಕೊಳ್ಳಲಿಲ್ಲ. ಎರಡು ಕಾಲು ಸೇರುವ ಕಡೆ ಗೂಟ ಇದೆ, ಟಕ್ ಅಂತ ಸದ್ದೂ ಬರುತ್ತದೆ. ಪಿನ್ನು ಎಲ್ಲೂ ಉಗುರಿಗೆ ಸಿಗಲಿಲ್ಲ. ರೋಬೋ ಮಾಡಿ ಕಟ್ಟೆ ತಟ್ಟಿದೆ, ಅಲ್ಲಾಡಿತು, ಬೀಳಲಿಲ್ಲ.

ಸೊಂಟದ ವಿಷಯ ನೀವು ಹೇಳಿದ್ದೇ ನಿಜ! ಹಾಳೆಯನ್ನು ಟಾರ್ಚ್ ಮುಂದೆ ಹಿಡಿದಾಗ ಏಳನೇ ಚಿತ್ರದಲ್ಲಿ ಕೂದಲೆಳೆಯಷ್ಟು ಸಣ್ಣ ಬಾಣ ಕಂಡಿತು, ಮೇಲಕ್ಕೆ. ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಅರ್ಧ ಸೆಂಟಿಮೀಟರ್ ಮೇಲೆ ಬಂತು. ಒಳಗೆ ಒಂದು ಬಿಳೀ ಕಡ್ಡಿ ಕಂಡಿತು. ಆಮೇಲೆ ತಿರುಗಿಸಿದರೆ ಬೆಣ್ಣೆಯಲ್ಲಿ ಕೈ ಆಡಿಸಿದ ಹಾಗೆ ತಿರುಗಿತು. ಇಷ್ಟು ದಿನ ನಾವು ಎಳೆಯದೇ ತಿರುಚುತ್ತಿದ್ದೆವು.

ರೆಕ್ಕೆ ತುದಿಯಿಂದ ತುದಿಗೆ 17 ಸೆಂಟಿಮೀಟರ್ ಇದೆ, ಮೇಷ್ಟ್ರೇ. ಮೂರು ಜಾಸ್ತಿ.

ಹಳೇ ಫಿಟ್ಟರ್, ಅಶೋಕಪುರಂ

ಸೆಲ್ ತೆಗೆದದ್ದು ಬಹಳ ಒಳ್ಳೇದು ಮಾಡಿದಿರಿ. ಅವು ವಾಪಸ್ ಹೋಗುವುದು ಬೇಡ. ಆ ಸ್ಕ್ರೂ ತೂತು ತಿಂದುಹೋಗಿದೆ. ಹಳೇ ರಿಫಿಲ್ಲಿನ ಚೂರು ಸೇರಿಸಿ ಬಿಗಿ ಮಾಡುವ ಉಪಾಯ ನನಗೆ ಗೊತ್ತು, ಬೇರೆ ಜಾಗ ಆಗಿದ್ದರೆ ಹೇಳುತ್ತಿದ್ದೆ. ಸೆಲ್ ಕಾಯುವ ಮುಚ್ಚಳಕ್ಕೆ ಅಂಥ ಉಪಾಯ ನಾನು ಹೇಳುವುದಿಲ್ಲ. ಸೆಲ್ಲೋಟೇಪನ್ನೂ ನಂಬಬೇಡಿ. ಮಗಳು ದೊಡ್ಡವಳಾಗುವವರೆಗೆ ದೀಪ ಇಲ್ಲದೆ ಆಡಲಿ. ಅಂಗಡಿಯವರಿಗೆ ಈ ಮುಚ್ಚಳ ಮಾತ್ರ ತೋರಿಸಿ, ಬದಲಿ ಆಟಿಕೆ ಕೊಟ್ಟರೆ ತಗೊಳ್ಳಿ. ತಗೊಳ್ಳುವ ಮೊದಲು ಅಲ್ಲೇ ನಿಂತು ಅದರ ಸ್ಕ್ರೂ ತಿರುಗಿಸಿ ನೋಡಿ.

ಉಳಿದದ್ದಕ್ಕೆ ನನ್ನ ತೀರ್ಮಾನ: ಆಟಿಕೆ ಇಟ್ಟುಕೊಳ್ಳುವಂಥದ್ದೇ. ಕಾಲು ಟಕ್ ಅಂತ ಕೂರುತ್ತದೆ, ಪಿನ್ನು ಒಳಗಿದೆ, ತಟ್ಟಿದರೂ ನಿಲ್ಲುತ್ತದೆ, ಸೊಂಟಕ್ಕೆ ಜಾರುವ ಕಡ್ಡಿ ಕೊಟ್ಟಿದ್ದಾರೆ. ಆ ಕಡ್ಡಿ ಯಾಕೆ ಕೊಟ್ಟರು ಗೊತ್ತಾ? ಅದಿಲ್ಲದೆ ತಿರುಗಿಸಿದರೆ ಎದೆಯ ಮೂಲೆ ತೊಡೆಗೆ ತಾಗುತ್ತದೆ. ಯಾರೋ ಒಬ್ಬರು ಕೂತು, ಇಲ್ಲಿ ತಾಗುತ್ತದೆ, ಐದು ಮಿಲಿಮೀಟರ್ ಜಾಗ ಬೇಕು ಅಂತ ಲೆಕ್ಕ ಹಾಕಿದ್ದಾರೆ. ಅಂಥವರ ಕೈಯಲ್ಲಿ ತಯಾರಾದದ್ದು ಅದು. ಜೋಡಿಸಿದವರು ಅವಸರ ಮಾಡಿದ್ದಾರೆ, ಹಾಳೆ ಮುದ್ರಿಸಿದವರು ಬಾಣ ಮಾಸಿಸಿದ್ದಾರೆ. ಆ ತಪ್ಪು ಬೇರೆ.

ರೆಕ್ಕೆಗೆ ಮದ್ದು ಹೇಳುತ್ತೇನೆ. ಬಿಸಿನೀರು, ಕುದಿಯುವುದಲ್ಲ, ಕೈ ತಾಳುವಷ್ಟು. ಕೀಲಿನ ಭಾಗ ಒಂದು ನಿಮಿಷ ಅದ್ದಿ. ಬಟ್ಟಲು ಮೆತ್ತಗಾಗುತ್ತದೆ. ರೆಕ್ಕೆಯನ್ನು ನೇರಕ್ಕೆ ಎಳೆಯಿರಿ, ತಿರುಚಬೇಡಿ. ಪೊಕ್ ಅಂತ ಬರುತ್ತದೆ. ಚೆನ್ನಾಗಿ ಒರೆಸಿ ಒಣಗಿಸಿ. ಬಣ್ಣ ಇಲ್ಲದ ನೇಲ್ ಪಾಲಿಶ್ ಇದ್ದರೆ ಕೀಲಿನ ಗೋಲಿಗೆ ಒಂದೇ ಒಂದು ತೆಳು ಕೋಟು ಹಚ್ಚಿ. ಬಟ್ಟಲಿಗಲ್ಲ, ಗೋಲಿಗೆ. ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ಒತ್ತಿ ಕೂರಿಸಿ. ಸಾಲದಿದ್ದರೆ ಇನ್ನೊಂದು ಕೋಟು, ಮತ್ತೆ ಒಂದು ರಾತ್ರಿ. ಹಸಿ ಇರುವಾಗ ಕೂರಿಸಿದರೆ ಅಂಟಿಕೊಂಡುಬಿಡುತ್ತದೆ, ಆಗ ರೆಕ್ಕೆ ಮುರಿದೇ ತೆಗೆಯಬೇಕು.

ಬೇರೆ ಸ್ಕ್ರೂ ಯಾವತ್ತಾದರೂ ಸಡಿಲ ಆದರೆ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ಹಿಂದಕ್ಕೆ ತಿರುಗಿಸಿ, ಬಿಚ್ಚುವ ಕಡೆಗೆ. ಒಂದು ಜಾಗದಲ್ಲಿ ಸ್ಕ್ರೂ ಟಿಕ್ ಅಂತ ಸ್ವಲ್ಪ ಇಳಿಯುತ್ತದೆ. ಹಳೇ ಮರೆ, ಅಂದರೆ ಸ್ಕ್ರೂ ಕೊರೆದ ಸುತ್ತುಗೆರೆ, ಅಲ್ಲಿ ಸಿಕ್ಕಿತು ಅಂತ ಅರ್ಥ. ಅಲ್ಲಿಂದ ಮುಂದಕ್ಕೆ ಬಿಗಿ ಮಾಡಿ. ಹೀಗೆ ಮಾಡದೆ ಒತ್ತಿ ತಿರುಗಿಸಿದರೆ ಹೊಸ ಮರೆ ಕೊರೆದುಕೊಂಡು ಪ್ಲಾಸ್ಟಿಕ್ ತೂತು ತಿಂದುಹೋಗುತ್ತದೆ. ನಿಮ್ಮ ಬ್ಯಾಟರಿ ಮುಚ್ಚಳಕ್ಕೆ ಆಗಿರುವುದು ಅದೇ. ವರ್ಕ್‌ಶಾಪಿಗೆ ಹೊಸದಾಗಿ ಬಂದ ಹುಡುಗರಿಗೆ ನಾನು ಮೊದಲ ವಾರ ಇದನ್ನೇ ಹೇಳಿಕೊಡುತ್ತಿದ್ದೆ.

ಕುವೆಂಪುನಗರದ ತಮ್ಮ ಹೇಳಿದ ಆಸ್ಟ್ರೋಟ್ರೇನ್ ಬಗ್ಗೆ ಒಂದು ಮಾತು. ಅದು ಒಳ್ಳೇ ಆಟಿಕೆಯೇ, ಅನುಮಾನ ಇಲ್ಲ. ಆದರೆ ಏಳು ವರ್ಷದ ಕೈಗೆ ಮೂರು ರೂಪ ಜಾಸ್ತಿ ಆಗುತ್ತದೆ ಅಂತ ನನಗೆ ಅನ್ನಿಸುತ್ತದೆ. ಮಗು ತಾನೇ ಮಾಡಬೇಕು. ಮೊದಲಿಂದ ಕೊನೆವರೆಗೆ ಯಾರ ಸಹಾಯವೂ ಇಲ್ಲದೆ, ನೋಡದೆ, ಮಾತಾಡುತ್ತಾ ಮಾಡಬೇಕು. "ಅಮ್ಮ, ನೀನೇ ಮಾಡು" ಅನ್ನುವ ಆಟಿಕೆ ಎಷ್ಟು ಸಾವಿರದ್ದಾದರೂ ಅದು ಅಮ್ಮನ ಆಟಿಕೆಯಾಯಿತು.

ಗೊಂಬೆಪೆಟ್ಟಿಗೆ, ಕುವೆಂಪುನಗರ

ಸಾರ್, ಒಪ್ಪಿದೆ. ನಾನು ಕೂಡಿಡುವವನ ಕಣ್ಣಲ್ಲಿ ನೋಡಿದ್ದೆ. ಅಸಲಿಯ ದೊಡ್ಡ ಸಾಲಿನ ಡಬ್ಬಿ ಮೇಲೂ 8 ವರ್ಷ ಮೇಲ್ಪಟ್ಟವರಿಗೆ ಅಂತಲೇ ಇರುತ್ತದೆ. ನೇಲ್ ಪಾಲಿಶ್ ಉಪಾಯ ನಾವೂ ಮಾಡುತ್ತೇವೆ, ಸ್ಕ್ರೂ ಹಿಂದಕ್ಕೆ ತಿರುಗಿಸುವುದು ನನಗೆ ಗೊತ್ತಿರಲಿಲ್ಲ. ಎರಡು ಸ್ಕ್ರೂ ಹಾಳು ಮಾಡಿಕೊಂಡಿದ್ದೇನೆ.

ನಿಮಗೆ ಇಷ್ಟ ಆಗುವ ಸಂಗತಿ ಒಂದಿದೆ. ಹಳೇ ಆಸ್ಟ್ರೋಟ್ರೇನ್ ಆಗುವ ಉಗಿಬಂಡಿ ಸುಮ್ನೆ ಕಲ್ಪನೆಯದ್ದಲ್ಲ, ಜಪಾನಿನ ರೈಲ್ವೆಯ ಡಿ62 ಅನ್ನುವ ಇಂಜಿನ್.

ಹಳೇ ಫಿಟ್ಟರ್, ಅಶೋಕಪುರಂ

ಹೌದಾ! ಡಿ62 ಅಂದರೆ ಮುಂದೆ ಎರಡು, ನಡುವೆ ಎಂಟು, ಹಿಂದೆ ನಾಲ್ಕು ಚಕ್ರ. ನಡುವಿನ ಎಂಟನ್ನೂ ಒಂದಕ್ಕೊಂದು ಸರಳಿನಿಂದ ಕಟ್ಟಿರುತ್ತಾರೆ. ಆಟಿಕೆಯಲ್ಲಿ ಆ ಸರಳು ಮೂಡಿಸಿದ್ದಾರಾ? ಒಂದು ಫೋಟೋ ಹಾಕಪ್ಪ, ನೋಡಬೇಕು.

ತಾಯಿ, ನೀವು ಭಾನುವಾರ ಬಂದಾಗ ಕೆಆರ್‌ಎಸ್ ರಸ್ತೆಯ ರೈಲ್ವೆ ಮ್ಯೂಸಿಯಂಗೆ ಮಗನನ್ನು ಕರೆದುಕೊಂಡು ಹೋಗಿ. 1979ರಿಂದ ಇದೆ. ಉಗಿ ಇಂಜಿನ್‌ಗಳು ಬಯಲಲ್ಲೇ ನಿಂತಿವೆ. ಚಕ್ರದ ಪಕ್ಕದ ಸರಳನ್ನು ತೋರಿಸಿ, ಅದರ ಕೀಲು ಎಲ್ಲಿದೆ ಅಂತ ಹುಡುಕಲು ಹೇಳಿ. ಅವನ ರೋಬೋನ ಮೊಣಕಾಲಿನಲ್ಲಿ ಇರುವುದೂ ಅಂಥದ್ದೇ ಪಿನ್ನು, ಉಗಿ ಇಂಜಿನ್ನಿನದ್ದು ಅವನ ಮುಷ್ಟಿಗಿಂತ ದೊಡ್ಡದು, ಅಷ್ಟೇ.

ಮಂಡ್ಯದ ಅಮ್ಮ

ಐದು ದಿನ ಆದಮೇಲೆ ಬರೆಯುತ್ತಿದ್ದೇನೆ. ಅಂಗಡಿಯವರು ಬ್ಯಾಟರಿ ಮುಚ್ಚಳ ನೋಡಿ ಮಾತಿಲ್ಲದೆ ಬದಲಿ ಕೊಡಲು ಒಪ್ಪಿದರು. ನಾಲ್ಕು ಪೆಟ್ಟಿಗೆ ತೆಗೆಸಿ ಸ್ಕ್ರೂ ತಿರುಗಿಸಿದೆ, ನಾಲ್ಕನೆಯದು ಬಿಗಿಯಾಗಿತ್ತು. ಅಷ್ಟರಲ್ಲಿ ಮಗ ಹಳೇದನ್ನು ಎದೆಗೆ ಅವಚಿಕೊಂಡು ನಿಂತಿದ್ದ. ಇದೇ ನಂದು, ಇದರ ರೆಕ್ಕೆ ನಾನೇ ಸರಿ ಮಾಡಿದ್ದು ಅಂದ. ನಿಜ, ನೇಲ್ ಪಾಲಿಶ್ ಹಚ್ಚಿದ್ದು ಅವನೇ. ಎರಡು ಕೋಟು ಬೇಕಾಯಿತು. ಈಗ ಎರಡೂ ರೆಕ್ಕೆ ಒಂದೇ ಮಟ್ಟದಲ್ಲಿ ನಿಲ್ಲುತ್ತವೆ. ಬದಲಿ ಬೇಡ ಅಂತ ಹೇಳಿ ಹಳೇದನ್ನೇ ವಾಪಸ್ ತಂದೆವು. ಸೆಲ್ ಹಾಕಿಲ್ಲ, ಹಾಕುವುದೂ ಇಲ್ಲ.

ಹಾಳೆಯಲ್ಲಿ ಏಳನೇ ಚಿತ್ರದ ಬಾಣವನ್ನು ಕೆಂಪು ಪೆನ್ನಿನಲ್ಲಿ ದಪ್ಪ ಬರೆದುಕೊಟ್ಟೆ. ಮೊದಲ ದಿನ ಎರಡು ಸಲ ಕರೆದ. ಮಾರನೇ ದಿನ ಕರೆಯಲಿಲ್ಲ. ನಿನ್ನೆ ಮುದ್ದೆ ಊಟಕ್ಕೆ ಕೂತವನು ತಟ್ಟೆ ಬರುವಷ್ಟರಲ್ಲಿ ಹಾಳೆ ನೋಡದೆ ರೋಬೋನಿಂದ ನೌಕೆ ಮಾಡಿ, ಚಳ್ಳಕೆರೆ ಬಂತು ಅಂತ ಚಾಪೆ ಮೇಲೆ ಇಳಿಸಿದ. ಬಾಗಿಲ ಕೆಳಗಿನ ಕೋಣೆಯಲ್ಲಿ ಹತ್ತು ಕಡಲೆಕಾಯಿ ಬೀಜ ಇತ್ತು.

ರೈಲ್ವೆ ಮ್ಯೂಸಿಯಂನಲ್ಲಿ ಸರಳಿನ ಪಿನ್ನು ಸಿಕ್ಕಿತು, ಸಾರ್. ಅದರ ಮೇಲೆ ಉಗುರು ಆಡಿಸಿ ನೋಡಿದ.